ನನ್ನೊಬ್ಬಾಕಿಗೆ ಯಾಕ ಒಲಿ?

ಮದುಮಗಳೊಬ್ಬಳ ಅರಿಶಿನ ಬಣ್ಣದ ರೇಷ್ಮೆ ಜಂಪರ ಹೊಲಿಯುವಾಗ ಅದರ ತೋಳಿನ ಮೇಲೆ ಒಂದು ಕೆಂಪು ಚುಕ್ಕೆ ಕಂಡಿತು. ಹಣೆಯ ಕುಂಕುಮ ಉದುರಿರಬೇಕೆಂದು ಊದಿದೆ. ಹಾರಲಿಲ್ಲ. ನೋಡುತ್ತಿದ್ದಂತೆಯೇ ಅದರ ಪಕ್ಕದಲ್ಲಿ ಇನ್ನೊಂದು ಚುಕ್ಕೆ ಹುಟ್ಟಿತು. ಆಗ ನನ್ನ ಎಡಗೈ ನೋಡಿಕೊಂಡೆ. ಸೂಜಿ ನಡುಬೆರಳಿನ ತುದಿಯೊಳಗೆ ಹೊಕ್ಕು ನಿಂತಿತ್ತು. ಆರಾಮಾಗಿ, ತನ್ನದೇ ಮನೆಯಲ್ಲಿ ನಿಂತ ಹಾಗೆ. ನನಗೆ ನೋವಾಗಿರಲಿಲ್ಲ. ನೋವಿನ ಮಾತು ಇರಲಿ, ಚುಚ್ಚಿದ್ದೇ ತಿಳಿದಿರಲಿಲ್ಲ.

ಮದುವೆಗೆ ಮುಂಚಿನಿಂದಲೂ ಜಂಪರ ಹೊಲಿಯುತ್ತ ಬಂದವಳು ನಾನು. ಬೆಟಗೇರಿಯ ನಮ್ಮ ಓಣಿಯಲ್ಲಿ ಮದುವೆ ಗೊತ್ತಾಯಿತೆಂದರೆ ಛತ್ರದವರಿಗಿಂತ ಮೊದಲು ನನಗೆ ಸುದ್ದಿ. ಹುಕ್ಕು, ಅಂಚು, ಕೈಹೊಲಿಗೆಯ ಕೆಲಸವೆಲ್ಲ ಬೆರಳ ತುದಿಯದ್ದು. ಕಣ್ಣು ಬರೀ ಸಾಕ್ಷಿಗೆ. ಹೊಲಿಗೆಯವರಿಗೆ ಗೊತ್ತಿರುವ ಒಂದು ಉಪಾಯವಿದೆ. ನಮ್ಮ ರಕ್ತದ ಕಲೆಗೆ ನಮ್ಮ ಉಗುಳೇ ಮದ್ದು. ಬಿಳಿ ದಾರದ ತುಂಡನ್ನು ಬಾಯಲ್ಲಿ ಅಗಿದು ಒದ್ದೆ ಮಾಡಿ ಕಲೆಯ ಮೇಲೆ ಮೆಲ್ಲಗೆ ಒತ್ತಬೇಕು. ದಾರ ಬಾಯಿಗಿಟ್ಟೆ. ನಾಲಿಗೆ ಚುರ್ ಎಂದು ಉರಿಯಿತು. ಬೆರಳಿಗೆ ಸೂಜಿ ತಿಳಿಯುವುದಿಲ್ಲ, ನಾಲಿಗೆ ದಾರವನ್ನೂ ತಾಳುವುದಿಲ್ಲ. ಇದು ಯಾರ ಶರೀರ ಎಂದು ಹೌಹಾರಿ ಕುಳಿತೆ.

ಹೌಹಾರುವುದು ನನಗೆ ಹೊಸದಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ವಾಪಸ್ಸು ಬಂದವಳು ನಾನು. ಮಗಳು ಹುಬ್ಬಳ್ಳಿಯ ಹಾಸ್ಟೆಲಿನಲ್ಲಿ ಫೋನು ಎತ್ತದಿದ್ದರೆ, ಅವಳು ಸ್ನಾನಕ್ಕೆ ಹೋಗಿರಬಹುದು ಎಂಬ ಯೋಚನೆ ನನಗೆ ಕೊನೆಗೆ ಬರುತ್ತದೆ. ಅದಕ್ಕೂ ಮೊದಲು ಬಾವಿ, ಲಾರಿ, ಹಾವು ಎಲ್ಲ ಬಂದು ಹೋಗಿರುತ್ತವೆ. ಆ ದಿನ ಮೊದಲು ನೆನಪಾದದ್ದು ನಾನು ಕಲಿತ ಶಾಲೆಯ ಗೋಡೆ. ಸ್ಪರ್ಶಜ್ಞಾನವಿಲ್ಲದ ಮಚ್ಚೆ ಕಂಡರೆ ತಕ್ಷಣ ದವಾಖಾನೆಗೆ ಬನ್ನಿ ಎಂದು ಅದರ ಮೇಲೆ ಕುಷ್ಠರೋಗದ ಬಗ್ಗೆ ದೊಡ್ಡ ಅಕ್ಷರದಲ್ಲಿ ಬರೆದಿದ್ದರು. ಬಾಗಿಲು ಹಾಕಿಕೊಂಡು ಮೈಯೆಲ್ಲ ಹುಡುಕಿಕೊಂಡೆ. ಮಚ್ಚೆ ಸಿಗಲಿಲ್ಲ. ಸಮಾಧಾನವಾಗಬೇಕಿತ್ತು. ಬೆನ್ನು ಕಾಣುವುದಿಲ್ಲವಲ್ಲ, ಅಲ್ಲಿರಬಹುದು ಎಂಬ ಹೊಸ ಚಿಂತೆ ಹುಟ್ಟಿತು.

ಇದೆಲ್ಲ ಎಲ್ಲಿಂದ ಶುರುವಾಯಿತು ಎಂದು ಹೇಳಬೇಕಾದರೆ ಗದಗಿನ ಆ ಕಲ್ಯಾಣ ಮಂಟಪಕ್ಕೆ ಹೋಗಬೇಕು.

ನನ್ನ ಗಂಡ ನೀರೆತ್ತುವ ಮೋಟಾರಿನ ಬಿಡಿಭಾಗಗಳನ್ನು ಅಂಗಡಿಗಳಿಗೆ ಮುಟ್ಟಿಸುವ ಕೆಲಸ ಮಾಡುತ್ತಾರೆ. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಅವರ ವಾರದ ಸುತ್ತು. ರಕ್ತದಲ್ಲಿ ಸಕ್ಕರೆ ಹೊಸ್ತಿಲಿಗೆ ಬಂದು ನಿಂತಿದೆ ಎಂದು ಯಾರೋ ಹೇಳಿದ್ದೇ ಹೇಳಿದ್ದು, ಒಬ್ಬ ಗೆಳೆಯನ ಜೊತೆ ಹಸಿ ಊಟದ ಶಿಬಿರಕ್ಕೆ ಹೊರಟರು. ನನ್ನನ್ನೂ ಕರೆದುಕೊಂಡು ಹೋದರು. ವೇದಿಕೆಯ ಮೇಲಿದ್ದವರು ತೆಳ್ಳಗೆ, ಹೊಳೆಯುವ ಹಣೆಯವರು. ಮೈಕು ಹಿಡಿದು ಕೇಳಿದರು: "ಆಕಳ ಒಲಿ ಹಚ್ಚತೈತೇನ್ರಿ? ಆನಿ ಒಗ್ಗರಣಿ ಕೊಡತೈತೇನ್ರಿ? ಮತ್ತ ಅವಕ್ಕ ಯಾಕ ಸಕ್ರಿ ರೋಗ ಇಲ್ಲ?" ಮಂಟಪವೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ನಮ್ಮವರು.

ಮನೆಗೆ ಬರುವಾಗ ಮೋಟಾರ್ ಸೈಕಲ್ಲಿನ ಹಿಂದೆ ಕುಳಿತು ಹೇಳಿದೆ. "ಆನಿ ಒಗ್ಗರಣಿ ಕೊಡಂಗಿಲ್ಲ, ಖರೆ. ಆದ್ರ ಆನಿ ಗಾಡಿ ಹತ್ತಿ ಮುಂಡರಗಿಗೆ ಹೋಗಿ ಉದ್ರಿ ವಸೂಲಿನೂ ಮಾಡಂಗಿಲ್ಲಲ್ರಿ."

"ನಿಂದೊಂದು ಯಾವಾಗ್ಲೂ ಅಡ್ಡ ಮಾತು," ಎಂದರು. "ನಾಳಿಂದ ಬೆಂಕಿ ಮುಟ್ಟಿದ್ದು ನನ್ನ ಬಾಯಿಗೆ ಬ್ಯಾಡ. ಹಾಲೂ ಬ್ಯಾಡ, ಮೊಸರೂ ಬ್ಯಾಡ. ಆತಿಲ್ಲೋ?"

ಹಸಿ ತಿನ್ನುವುದು ನಮ್ಮ ಕಡೆಯವರಿಗೆ ದೊಡ್ಡ ಮಾತೇನಲ್ಲ. ರೊಟ್ಟಿಯ ಪಕ್ಕದಲ್ಲಿ ಹಸಿ ಮೆಂತ್ಯೆ, ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲು, ಗಜ್ಜರಿ, ಸೌತೆ ಇಲ್ಲದಿದ್ದರೆ ನಮಗೆ ಊಟವೇ ಸೇರದು. ಆದರೆ ಅವೆಲ್ಲ ರೊಟ್ಟಿಯ ಕೂಡ ಬರುವ ಬೀಗರು. ಈಗ ಮದುಮಗನೇ ಎದ್ದು ಹೋಗಿ ಪಂಕ್ತಿಯಲ್ಲಿ ಬೀಗರಷ್ಟೇ ಉಳಿದ ಹಾಗಾಯಿತು.

ನನ್ನ ಚಿಂತೆಗೆ ಒಂದು ನೌಕರಿ ಸಿಕ್ಕಿತು. ರೊಟ್ಟಿಯಿಲ್ಲದೆ ಶಕ್ತಿ ಎಲ್ಲಿಂದ? ಹಾಲಿಲ್ಲದೆ ಎಲುಬಿಗೆ ಸುಣ್ಣದಂಶ ಎಲ್ಲಿಂದ? ಬೇಳೆ ಬೇಯಿಸದೆ ಮೈಗೆ ಮಾಂಸ ಹಿಡಿಯುವುದು ಹೇಗೆ? ಗುಳಿಗೆ ನುಂಗಲು ಅವರು ಒಪ್ಪುವುದಿಲ್ಲ, ನೈಸರ್ಗಿಕವಾದದ್ದೇ ಆಗಬೇಕು. ಸರಿ ಎಂದು ಸುತ್ತಲಿನ ಊರುಗಳನ್ನೆಲ್ಲ ಕಲಕಿದೆ. ಯಳವತ್ತಿಯ ತವರಿನಿಂದ ಅಗಸಿ ತರಿಸಿದೆ. ಲಕ್ಷ್ಮೇಶ್ವರದ ಸಂತೆಯಿಂದ ಕರಿ ಎಳ್ಳು, ಗುರೆಳ್ಳು ಬಂದವು. ಹರ್ತಿಯ ಪರಿಚಯದವರ ಹೊಲದ ಶೇಂಗಾ ಬಂತು. ಮಲ್ಲಸಮುದ್ರದ ಸಂಬಂಧಿಕರ ಹಿತ್ತಲಿನ ನುಗ್ಗೆ ಗಿಡವನ್ನು ಬೋಳಿಸಿ ತಂದು, ಹಾಸಿಗೆಯ ಮೇಲೆ ನೆರಳಲ್ಲಿ ಒಣಗಿಸಿ, ಕುಟ್ಟಿ ಜರಡಿ ಹಿಡಿದೆ. ಅಷ್ಟು ದಿನ ನಾವಿಬ್ಬರೂ ನೆಲದ ಮೇಲೆ ಮಲಗಿದೆವು. ಮಾಳಿಗೆಯ ಮೇಲೆ ಹಳೆ ಬಣ್ಣದ ಬಕೆಟ್ಟುಗಳಲ್ಲಿ ಗೋಧಿ ಹುಲ್ಲು ಬೆಳೆಸಿದೆ. ಬೆಳಿಗ್ಗೆ ಅದನ್ನು ಕತ್ತರಿಸಿ ಅರೆದು ಹಿಂಡಿ ಲೋಟದಲ್ಲಿಟ್ಟರೆ ನಮ್ಮವರು ಕಣ್ಣು ಮುಚ್ಚಿ ಗಟಗಟ ಕುಡಿಯುತ್ತಿದ್ದರು.

ಗೋಡೆಗೆ ಗೋಡೆ ಹತ್ತಿದ ಮನೆಯಾಕೆ ಮಾಳಿಗೆಯಿಂದ ಇಣುಕಿದಳು. "ಯಕ್ಕಾ, ಎಮ್ಮಿ ಯಾವಾಗ ಕಟ್ಟಿದೇ?"

"ಎಮ್ಮಿ ಅಲ್ಲ ತಂಗಿ, ನಿಮ್ಮ ಮಾವಾರಿಗೆ."

"ಹಂಗಾರ ಹಿಂಡ್ತಾವೇನ ಸಂಜೀಕ?" ಎಂದು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಶಿಬಿರದಲ್ಲಿ ಎದ್ದು ನಿಂತು ಪ್ರಶ್ನೆ ಕೇಳಿದ ಒಬ್ಬಳೇ ಹೆಂಗಸೂ ನಾನೇ. ಬಿ ಹನ್ನೆರಡು ಎಂಬ ಜೀವಸತ್ವ ಸೊಪ್ಪು ಕಾಳುಗಳಲ್ಲಿ ಇಲ್ಲವಂತೆ, ಅದಕ್ಕೇನು ಮಾಡುವುದು ಎಂದು ಕೇಳಿದ್ದೆ. ಶಿಬಿರಕ್ಕೆ ಹೋಗುವುದು ಗೊತ್ತಾದ ಮೇಲೆ ಎಲ್ಲಿಯೋ ಓದಿ ನಾಲ್ಕಾರು ದಿನ ನಿದ್ದೆಗೆಟ್ಟಿದ್ದ ವಿಷಯ ಅದು. ವೇದಿಕೆಯವರು ಹಸಿರು ಪುಡಿಯ ಸಣ್ಣ ಡಬ್ಬಿಯೊಂದನ್ನು ಎತ್ತಿ ತೋರಿಸಿದರು. ನೀರಿನ ಪಾಚಿಯನ್ನು ಒಣಗಿಸಿ ಮಾಡಿದ್ದಂತೆ. "ಒಂದು ಚಮಚ ಇದಿದ್ರ ಮುಗೀತು ತಾಯಿ, ಎಲ್ಲಾ ಇದ್ರಾಗ ಐತಿ." ನಾನು ನಿಶ್ಚಿಂತಳಾದೆ. ನನ್ನ ಜೀವನದಲ್ಲಿ ನಾನು ನಿಶ್ಚಿಂತಳಾದದ್ದು ಅಪರೂಪ. ಆದದ್ದೂ ಅಂಥ ಜಾಗದಲ್ಲಿ.

ಆ ಪುಡಿಯ ಚಮಚ ದಿನಾ ಅವರ ಲೋಟಕ್ಕೆ ಬಿತ್ತು. ನೆನೆಸಿದ ಬದಾಮಿ, ಉತ್ತತ್ತಿ, ಎಳ್ಳಿನ ಉಂಡೆ, ಮೊಳಕೆ ಬಂದ ಮಡಿಕೆ ಕಾಳು ಎಲ್ಲ ಅವರ ತಾಟಿಗೆ. ನಾನು ಹಸಿ ಊಟದ ವ್ರತ ಹಿಡಿದವಳಲ್ಲ. ಹಿಡಿ ಎಂದು ಅವರು ಹೇಳಿಯೂ ಇರಲಿಲ್ಲ. ಹಾಗಾದರೆ ನಾನೇನು ತಿನ್ನುತ್ತಿದ್ದೆ? ಈ ಪ್ರಶ್ನೆಯನ್ನು ಆಗ ಯಾರೂ ಕೇಳಲಿಲ್ಲ, ನಾನಂತೂ ಕೇಳಿಕೊಳ್ಳಲಿಲ್ಲ. ಅವರ ತಾಟಿನಲ್ಲಿ ಉಳಿದ ಸೌತೆ, ಗಜ್ಜರಿ. ಬದಾಮಿ ನೆನೆಸಿದ ನೀರು, ಚೆಲ್ಲುವುದು ಯಾಕೆಂದು. ಡಬ್ಬಿಯಲ್ಲಿ ಖಡಕ ರೊಟ್ಟಿ ಇದ್ದೇ ಇರುತ್ತಿತ್ತು, ಅಂಗಡಿಯಿಂದ ತಂದದ್ದು, ವಾರಗಟ್ಟಲೆ ಕೆಡುವುದಿಲ್ಲ. ಅದರ ಮೇಲೆ ಶೇಂಗಾ ಚಟ್ನಿ, ಒಂದು ಹಸಿ ಉಳ್ಳಾಗಡ್ಡಿ. ಕೆಲಸದ ಗಡಿಬಿಡಿ ಇದ್ದರೆ ಒಂದು ಬೊಗಸೆ ಚುರುಮುರಿ.

ಹಾಲು ಹಾಕುವಾಕೆ ಬಂದಾಗ ಸಾಕು ಎಂದೆ. ಚಹಾ ನನಗೆ ಮೊದಲಿನಿಂದ ಒಗ್ಗದು, ಪಿತ್ತ. ಮನೆಯಲ್ಲಿ ಮೊಸರು ಬೇಕೇ ಬೇಕೆನ್ನುವವರು ಅವರು, ಅವರೇ ಬಿಟ್ಟ ಮೇಲೆ?

"ನೀ ಉಣ್ಣಂಗಿಲ್ಲೇನ ಯಕ್ಕಾ?" ಎಂದಳು ಆಕೆ, ಕ್ಯಾನು ಸೊಂಟಕ್ಕೆ ಏರಿಸಿಕೊಳ್ಳುತ್ತ.

"ನನ್ನೊಬ್ಬಾಕಿಗೆ ಎಲ್ಲಿ ಹೆಪ್ಪ ಹಾಕ್ಲಿ ಬಿಡವಾ," ಎಂದೆ.

ಮಗಳು ರಜೆಗೆ ಬಂದರೆ ಒಲೆ ಹೊತ್ತುತ್ತಿತ್ತು. ಹಬ್ಬಕ್ಕೆ ದೇವರ ನೈವೇದ್ಯಕ್ಕಾಗಿ ಹೊತ್ತುತ್ತಿತ್ತು. ಬೀಗರು ಬಂದರೆ ಹೊತ್ತುತ್ತಿತ್ತು. ಅವರೆಲ್ಲ ಹೋದ ಮೇಲೆ ನಾನು ಅದನ್ನು ಚೆನ್ನಾಗಿ ಒರೆಸಿ, ಮೇಲೊಂದು ಬಟ್ಟೆ ಹೊದಿಸಿಡುತ್ತಿದ್ದೆ. ಹೀಗೆ ಒಂದು ಉಗಾದಿ ಹೋಗಿ ಇನ್ನೊಂದು ಉಗಾದಿಯೂ ದಾಟಿತು.

ಸೂಚನೆಗಳು ಬಂದಿರಲಿಲ್ಲ ಎಂದಲ್ಲ. ನಾಲಿಗೆ ನುಣ್ಣಗಾಗಿ, ಖಾರ ಮುಟ್ಟಿದರೆ ಉರಿಯುತ್ತಿತ್ತು. ಅಂಗಾಲಿನಲ್ಲಿ ಇರುವೆ ಹರಿದಾಡಿದ ಹಾಗೆ. ಮಾಳಿಗೆಯ ಮೆಟ್ಟಿಲು ಹತ್ತಿದರೆ ಏದುಸಿರು. ಊರಿನವರ ರೋಗಕ್ಕೆಲ್ಲ ನಿದ್ದೆಗೆಡುವ ನಾನು, ನನ್ನದನ್ನು ಮಾತ್ರ ವಯಸ್ಸಿನ ಮೇಲೆ ಹಾಕಿದೆ. ನಮ್ಮವರಿಗೆ ಒಮ್ಮೆ ಹೇಳಿದ್ದುಂಟು. ಅವರು ಶಿಬಿರದ ಮಾತನ್ನೇ ಹೇಳಿದರು. "ಮೈಯಾಗಿನ ವಿಷ ಹೊರಗ ಬೀಳಾಕತ್ತೈತಿ. ಚಲೋ ಲಕ್ಷಣ."

ಒಂದು ಸಂಜೆ ಪಕ್ಕದ ಮನೆಯಾಕೆಯ ಜೊತೆ ಗದಗಿನ ಪೇಟೆಯಿಂದ ಗುಂಡಿ, ದಾರ ಕೊಂಡು ಬರುತ್ತಿದ್ದೆ. ಅವಳು ಹಿಂದಿನಿಂದ ಕೂಗಿದಳು.

"ಯಕ್ಕಾ! ಏ ಯಕ್ಕಾ! ನಿನ್ನ ಚಪ್ಪಲಿ ಇಲ್ಲೇ ಕುಂತಾವ, ನೀ ಎಲ್ಲಿಗಿ ಹೊಂಟಿ?"

ತಿರುಗಿ ನೋಡಿದರೆ ಒಂದು ಚಪ್ಪಲಿ ಕಿರಾಣಿ ಅಂಗಡಿಯ ಮುಂದೆ, ಅದಕ್ಕೂ ಹಿಂದೆ ಇನ್ನೊಂದು. ಡಾಂಬರಿನ ಮೇಲೆ ಬರಿಗಾಲಲ್ಲಿ ನಡೆದು ಬಂದಿದ್ದೇನೆ, ನನಗೆ ಗೊತ್ತಿಲ್ಲ. ಅವಳು ಎರಡನ್ನೂ ಕೈಯಲ್ಲಿ ಹಿಡಿದು ಬಂದು, "ಪಾದಯಾತ್ರಿ ಏನ?" ಎಂದಳು. ನಾವಿಬ್ಬರೂ ನಕ್ಕೆವು.

ಜಂಪರಿನ ರಕ್ತ ಕಂಡ ಮೇಲೆ ನಗೆ ಬರಲಿಲ್ಲ. ಆದರೆ ನನ್ನ ತಲೆ ಹೇಗೆ ಓಡಿತು ನೋಡಿ. ಉಳಿದದ್ದು ಪಳಿದದ್ದು ತಿಂದ ನನಗೇ ಹೀಗಾದರೆ, ಪೂರಾ ಹಸಿಯಲ್ಲೇ ಇರುವ ಅವರ ಗತಿ ಏನು? ಅವರ ಕೈಕಾಲು ಎಷ್ಟು ಸತ್ತಿರಬೇಕು? ಪಾಪ, ಗಂಡಸು, ಹೇಳಿಕೊಳ್ಳುವುದಿಲ್ಲ. ಮುಂಡರಗಿ ರಸ್ತೆಯಲ್ಲಿ ಬ್ರೇಕು ಒತ್ತಿದ್ದು ಕಾಲಿಗೆ ತಿಳಿಯದಿದ್ದರೆ? ಅಷ್ಟು ಹೊತ್ತಿಗೆ ನಾನು ಅಳುತ್ತಿದ್ದೆ. ಅವರು ಮನೆಗೆ ಬಂದ ಕೂಡಲೇ, ಕೈಕಾಲು ತೊಳೆಯುವುದಕ್ಕೂ ಬಿಡದೆ, ದವಾಖಾನೆಗೆ ಎಳೆದುಕೊಂಡು ಹೋದೆ.

ಡಾಕ್ಟರು ಚಿಕ್ಕ ವಯಸ್ಸಿನವರು. "ಏನಾತ್ರಿ ಅಕ್ಕಾರ?" ಎಂದರು.

"ನನ್ನದು ಆಮ್ಯಾಲ ನೋಡ್ರಿ. ಮೊದಲ ಇವ್ರನ್ನ ನೋಡ್ರಿ," ಎಂದೆ.

"ನನಗೇನಾಗೈತಿ?" ಎಂದರು ನಮ್ಮವರು.

"ನಿಮಗ ಗೊತ್ತಾಗೂದಿಲ್ಲ. ಗೊತ್ತಾಗಂಗಿಲ್ಲ ಅಂತನ ಬಂದೇವಿ."

ಡಾಕ್ಟರು ನಕ್ಕು ಇಬ್ಬರನ್ನೂ ನೋಡಿದರು. ಇಕ್ಕಳದಂಥ ಎರಡು ಕವಲಿನ ಕಬ್ಬಿಣವನ್ನು ಬಡಿದು, ಅದು ಗುಂಯ್‌ಗುಡುತ್ತಿರುವಾಗ ಕಾಲಿನ ಹೆಬ್ಬೆರಳಿಗೆ ಮುಟ್ಟಿಸಿ, ನಡುಗುವುದು ತಿಳಿಯುತ್ತದೆಯೇ ಎಂದು ಕೇಳಿದರು. ನಮ್ಮವರು, "ಹೂಂ, ಕಚಗುಳಿ ಆಗಾಕತ್ತೈತಿ," ಎಂದರು. ನನ್ನ ಹೆಬ್ಬೆರಳಿಗೆ ಮುಟ್ಟಿಸಿದರು. ನಾನು ಕಾದೆ. "ಇನ್ನೂ ಇಟ್ಟಿಲ್ಲೇನ್ರಿ?" ಎಂದು ಕೇಳಿದೆ. ಬಗ್ಗಿ ನೋಡಿದರೆ ಆ ಕಬ್ಬಿಣ ನನ್ನ ಬೆರಳ ಮೇಲೆಯೇ ಇತ್ತು.

ಆಮೇಲೆ ಕಾಲು ಜೋಡಿಸಿ ನಿಂತು ಕಣ್ಣು ಮುಚ್ಚಿ ಎಂದರು. ಮುಚ್ಚಿದೆ. ನೆಲ ಕಾಲ ಕೆಳಗಿನಿಂದ ಜಾರಿತು. ಬಿದ್ದದ್ದು ಡಾಕ್ಟರ ಕೈಮೇಲೆ. ಕಣ್ಣು ತೆರೆದು ನಮ್ಮವರ ಮುಖ ನೋಡಿದಾಗ ಅದು ಗೋಧಿ ಹುಲ್ಲಿನ ಬಣ್ಣಕ್ಕೆ ತಿರುಗಿತ್ತು.

ಮರುದಿನ ರಕ್ತದ ವರದಿ ಬಂತು. ಡಾಕ್ಟರು ಎರಡೂ ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿದರು. ಅಷ್ಟರಲ್ಲಿ ನಾನು ಮನಸ್ಸಿನಲ್ಲಿ ನಮ್ಮವರಿಗೆ ಯಾವ ದೊಡ್ಡಾಸ್ಪತ್ರೆ, ಯಾರ ಕಾರು, ಮಗಳಿಗೆ ಹೇಗೆ ತಿಳಿಸುವುದು ಎಂಬುದನ್ನೆಲ್ಲ ನಿರ್ಧರಿಸಿ ಮುಗಿಸಿದ್ದೆ.

"ನಿಮ್ಮದು ಚಲೋ ಐತ್ರಿ ಸರ. ಬಿ ಹನ್ನೆರಡು ಸುಮಾರಾಗಿ ಐತಿ, ಸಕ್ರಿನೂ ಇಳದೈತಿ," ಎಂದರು. ಆಮೇಲೆ ನನ್ನತ್ತ ತಿರುಗಿದರು. "ಅಕ್ಕಾರ, ನಿಮ್ಮದು ತಳಾ ಮುಟ್ಟೈತಿ. ನರಕ್ಕ ಹೊಡತ ಬಿದ್ದೈತಿ."

ಕೇಳಿದ್ದು ತಪ್ಪೆಂದುಕೊಂಡೆ. "ಹಾಳಿ ಅದಲಬದಲ ಆಗ್ಯಾವ ನೋಡ್ರಿ," ಎಂದೆ. "ಹಸಿ ತಿನ್ನಾವ್ರು ಅವ್ರು."

"ಅದಲಬದಲ ಆಗಿಲ್ರಿ. ನೀವು ಹಾಲು, ಮೊಸರು, ಮಜ್ಜಿಗಿ ಏನ ತಗೋತೀರಿ?"

"ಏನೂ ಇಲ್ರಿ. ಇಬ್ರೂ ಇಲ್ಲ."

"ಸರ, ನೀವು?"

ನಮ್ಮವರು ಮೇಜಿನ ಮೇಲಿದ್ದ ಪೆನ್ ಸ್ಟ್ಯಾಂಡನ್ನು ನೋಡುತ್ತ ಕುಳಿತಿದ್ದರು. ಮೂವತ್ತು ಪೆನ್ನು ಇಟ್ಟಿದ್ದರೂ ಎಣಿಸಿ ಮುಗಿಯುವಷ್ಟು ಹೊತ್ತು ನೋಡಿದರು. ಕೊನೆಗೆ ಬಾಯಿ ಬಿಟ್ಟರು.

"ಅಂದ್ರ... ಲಕ್ಷ್ಮೇಶ್ವರದಾಗ ನಮ್ಮಕ್ಕನ ಮನಿ ಐತ್ರಿ. ಅಲ್ಲಿ ಹೋದ್ರ ಬ್ಯಾಡ ಅನ್ನಾಕ ಬರೂದಿಲ್ಲ. ಶಿರಹಟ್ಟ್ಯಾಗ ಗಿರಾಕಿ ಒಂದ್ ತಂಬಿಗಿ ಮಜ್ಜಿಗಿ ಕೊಡ್ತಾರ. ಮುಂಡರಗ್ಯಾಗೂ ಕೊಡ್ತಾರ. ಬಿಸಲಾಗ ಬಂದಾವ್ನು ಮಜ್ಜಿಗಿ ವಲ್ಲೆ ಅಂದ್ರ ಅವ್ರಿಗೆ ಅವಮಾನ ಅಲ್ಲೇನ್ರಿ?"

"ಮಜ್ಜಿಗಿ!" ಎಂದೆ.

"ಮಜ್ಜಿಗಿ ಏನ್ ಒಲಿ ಮ್ಯಾಲ ಇಟ್ಟಿದ್ದಲ್ಲಲ್ಲ," ಎಂದರು. "ಅದೂ ಹಸೀನ."

ಡಾಕ್ಟರು ಮುಖ ಆಚೆ ತಿರುಗಿಸಿಕೊಂಡರು. ಅವರ ಭುಜ ಅಲುಗುತ್ತಿತ್ತು. ಆಮೇಲೆ ಗಂಭೀರರಾಗಿ ತಿಳಿಸಿ ಹೇಳಿದರು. ಸೊಪ್ಪು, ಮೊಳಕೆ ಕಾಳು, ಅಗಸಿ, ಎಳ್ಳು ಎಲ್ಲ ಒಳ್ಳೆಯವೇ, ತಿನ್ನಿ. ಆದರೆ ಬಿ ಹನ್ನೆರಡು ಯಾವ ಸೊಪ್ಪಿನಲ್ಲೂ ಕಾಳಿನಲ್ಲೂ ಇಲ್ಲ. ನಮ್ಮಂಥ ಸಸ್ಯಾಹಾರಿಗಳಿಗೆ ಅದು ಬರುವುದು ಹಾಲು ಮೊಸರಿನಿಂದ, ಅದನ್ನೂ ಬಿಟ್ಟರೆ ಗುಳಿಗೆಯಿಂದಲೇ. ಪಾಚಿಯ ಪುಡಿಯಲ್ಲಿ ಇರುವುದು ಅದರ ಹಾಗೆ ಕಾಣುವ ಬೇರೆಯೇ ವಸ್ತು, ನಮ್ಮ ಶರೀರಕ್ಕೆ ದಕ್ಕುವುದಿಲ್ಲ. ನನ್ನಲ್ಲಿ ಅದು ಮೊದಲೇ ಕಡಿಮೆಯಿದ್ದಿರಬೇಕು, ಮೊಸರು ನಿಂತ ಮೇಲೆ ಇದ್ದ ಬುತ್ತಿಯೂ ಮುಗಿದಿದೆ.

"ನನ್ನ ಬೆರಳು ಸರಿ ಹೋಗತಾವೇನ್ರಿ?" ಎಂದೆ. "ನಾ ಜಂಪರ ಹೊಲೀತೀನ್ರಿ. ಬೆರಳಿಲ್ಲಂದ್ರ ನಾ ಇಲ್ಲ."

"ಇಂಜೆಕ್ಷನ್ ಇವತ್ತ ಶುರು ಮಾಡೋಣು. ನರ ಭಾಳ ಸಾವಕಾಶ ಬರತಾವ್ರಿ. ಬಹುಶಃ ಬರತಾವ. ಪೂರಾ ಬರತಾವಂತ ನಾ ಮಾತ ಕೊಡಾಕ ಬರೂದಿಲ್ಲ."

ಬಹುಶಃ ಎಂಬ ಶಬ್ದ ನನ್ನಂಥವಳ ಕೈಗೆ ಕೊಡಬಾರದು.

ನಮ್ಮವರು ಮೆಲ್ಲಗೆ ಕೇಳಿದರು. "ಇಂಜೆಕ್ಷನ್ ನೈಸರ್ಗಿಕ ಅಲ್ಲಲ್ರಿ?"

"ನಿಮ್ಮ ಮೋಟಾರ್ ಸೈಕಲ್ ಯಾವ ಗಿಡದಾಗ ಬೆಳೀತೈತ್ರಿ ಸರ?" ಎಂದರು ಡಾಕ್ಟರು.

ಮನೆಗೆ ಬಂದ ಮೇಲೆ ಲಕ್ಷ್ಮೇಶ್ವರದ ಅಕ್ಕನಿಗೆ ಫೋನು ಹಚ್ಚಿದೆ. ನಾನು ಏನೂ ಕೇಳುವುದಕ್ಕೆ ಮೊದಲೇ ಆಕೆ ಶುರು ಮಾಡಿದರು. "ಅಲ್ಲವಾ, ನನ್ನ ತಮ್ಮಗ ನೀ ಏನ್ ಹೊಟ್ಟಿಗಿ ಹಾಕ್ತೀಯೋ ಇಲ್ಲೋ? ವಾರಾ ಬರ್ತಾನ, ಗಟ್ಟಿ ಮೊಸರ ಹಾಕ್ಕೊಂಡು ಬಿಸಿ ರೊಟ್ಟಿ ಒಂದರ ಮ್ಯಾಲೊಂದು ಬಾರಸ್ತಾನ. ಬದನಿಕಾಯಿ ಎಣಗಾಯಿ ಅಂತೂ ಬೋಗೋಣಿ ಬಳೀತಾನ. ಮನ್ಯಾಗ ಹೇಳಬ್ಯಾಡ ಅಕ್ಕಾ, ಆಕಿ ಭಾಳ ಚಿಂತಿ ಮಾಡ್ತಾಳ ಅಂತಾನ!"

ರೊಟ್ಟಿ. ಎಣಗಾಯಿ. ಮಾಳಿಗೆಯ ಮೇಲೆ ಬಕೆಟ್ಟುಗಳ ತುಂಬ ಹುಲ್ಲು.

ಫೋನು ಇಟ್ಟು ಅವರ ಕಡೆ ನೋಡಿದೆ. ನಾನು ಬಹಳ ಕೂಗಾಡಿದೆ ಎಂದು ಪಕ್ಕದ ಮನೆಯಾಕೆ ಆಮೇಲೆ ಹೇಳಿದಳು. ನನಗೆ ನೆನಪಿಲ್ಲ. ನೆನಪಿರುವುದು ಅವರು ಕೊನೆಗೆ ಹೇಳಿದ ಒಂದು ಮಾತು.

"ನಾ ತಪ್ಪ ಮಾಡೀನಿ, ಖರೆ. ಸುಳ್ಳ ಹೇಳೀನಿ. ಆದ್ರ ನಿನಗ ಉಣ್ಣಬ್ಯಾಡ ಅಂತ ನಾ ಯಾವತ್ತರ ಅಂದೇನೇನ? ಮೊಸರ ಬಿಡು ಅಂದೇನೇನ? ನೀ ಯಾಕ ಬಿಟ್ಟಿ?"

ಅವರು ಅಂದಿರಲಿಲ್ಲ. ಅತ್ತೆ ಅಂದಿರಲಿಲ್ಲ, ಆಕೆ ತೀರಿಹೋಗಿ ಎಷ್ಟೋ ಕಾಲವಾಗಿದೆ. ಯಾವ ಶಿಬಿರದವರೂ ಅಂದಿರಲಿಲ್ಲ. ಎದ್ದು ಹೋಗಿ ಅಡುಗೆಮನೆಯ ಕಪಾಟು ತೆರೆದೆ. ಅಗಸಿ, ಎಳ್ಳು, ಗುರೆಳ್ಳು, ನುಗ್ಗೆ, ಉತ್ತತ್ತಿ, ಬದಾಮಿ, ಹಸಿರು ಪುಡಿ. ಡಬ್ಬಿಗಳು ಸಾಲಾಗಿ ಕುಳಿತಿದ್ದವು, ಒಂದೊಂದನ್ನೂ ನಾನೇ ಕುಟ್ಟಿ, ಸೋಸಿ, ಒರೆಸಿ ಇಟ್ಟದ್ದು. ಅವುಗಳಲ್ಲಿ ಒಂದರಲ್ಲಾದರೂ ನಾನು ನನಗೆಂದು ಚಮಚ ಅದ್ದಿದ್ದೆನೇ? ಬೀಗ ಹಾಕಿರಲಿಲ್ಲ. ಬೇಡವೆಂದು ಬಿಟ್ಟದ್ದೂ ಅಲ್ಲ. ಹಾಗೊಂದು ಯೋಚನೆಯೇ ಬಂದಿರಲಿಲ್ಲ. ಪ್ರಪಂಚದ ಚಿಂತೆಯನ್ನೆಲ್ಲ ಹೊರುವ ನನ್ನ ತಲೆಯಲ್ಲಿ ನನ್ನ ಹೊಟ್ಟೆಗೆ ಮಾತ್ರ ಜಾಗ ಇರಲಿಲ್ಲ. ಆ ಹಸಿರು ಪುಡಿಯನ್ನು ತಿನ್ನದೆ ನಾನೇನೂ ಕಳೆದುಕೊಳ್ಳಲಿಲ್ಲ, ಅದು ಬೇರೆ ಮಾತು.

ದವಾಖಾನೆಯ ಸೂಜಿಗೆ ಹೋಗಿ ಬರುವಾಗ ಪಕ್ಕದ ಮನೆಯಾಕೆ ಜೊತೆಗಿರುತ್ತಿದ್ದಳು, ನನ್ನ ಚಪ್ಪಲಿಯ ಮೇಲೆ ಕಣ್ಣಿಟ್ಟುಕೊಂಡು. ಒಂದು ದಿನ ಸುಮ್ಮನೆ ಕೇಳಿದೆ. "ನಿಮ್ಮ ಮನಿಯವ್ರು ಊರಿಗೆ ಹೋದಾಗ ನೀ ಏನ್ ಉಣ್ತಿ?"

"ಏನ್ ಉಣ್ಣೂದು ಬಿಡಕ್ಕಾ. ಒಂದ್ ಖಡಕ ರೊಟ್ಟಿ, ಒಂದೀಟು ಚಟ್ನಿ. ನನ್ನೊಬ್ಬಾಕಿಗೆ ಯಾಕ ಒಲಿ?"

ನಡುರಸ್ತೆಯಲ್ಲಿ ನಿಂತುಬಿಟ್ಟೆ. ನನ್ನ ಮಾತು, ನನ್ನದೇ ರಾಗದಲ್ಲಿ, ಅವಳ ಬಾಯಲ್ಲಿ. ಯಳವತ್ತಿಯಲ್ಲಿ ಅಪ್ಪ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋದ ದಿನ ಅವ್ವ ಇದನ್ನೇ ಹೇಳಿ, ರೊಟ್ಟಿಯ ಚೂರನ್ನು ನೀರಿನಲ್ಲಿ ಅದ್ದಿ ತಿನ್ನುತ್ತಿದ್ದಳು. ನಾವು ಮಕ್ಕಳು ಅದನ್ನು ಅವ್ವನ ಇಷ್ಟ ಎಂದು ತಿಳಿದಿದ್ದೆವು. ಅಗಸಿಯ ಜೊತೆಗೆ ನಾನು ತವರಿನಿಂದ ಇದನ್ನೂ ತಂದುಕೊಂಡಿದ್ದೆ, ಗಂಟು ಬಿಚ್ಚಿ ನೋಡದೆ.

"ಯಾಕ ನಿಂತಿ? ಮತ್ತ ಚಪ್ಪಲಿ ಬಿದ್ದೂವೇನ?" ಎಂದಳು.

"ಚಪ್ಪಲಿ ಅದಾವ," ಎಂದೆ. "ನೀ ಒಮ್ಮೆ ರಕ್ತ ತೋರಿಸ್ಕೊ ಅಂತೀನಿ."

"ಹೋಗ ಯಕ್ಕಾ, ನಿಂದೊಂದು ಚಿಂತಿ," ಎಂದು ನಕ್ಕಳು. ನಾನು ನಗಲಿಲ್ಲ. ಅವಳ ಜಡೆ ಹಿಡಿದು ಎಳೆದುಕೊಂಡು ಹೋಗುವ ತನಕ ನನಗೆ ಸಮಾಧಾನವಿರಲಿಲ್ಲ. ಅವಳದೂ ಕಡಿಮೆಯೇ ಬಂತು. ನನ್ನಷ್ಟು ತಳಕ್ಕೆ ಅಲ್ಲ. ಮುಖ ಸಣ್ಣದು ಮಾಡಿಕೊಂಡು ಡಾಕ್ಟರಿಗೆ, "ನಾ ಹುಲ್ಲ ತಿಂದಿಲ್ಲಲ್ರಿ," ಎಂದಳು.

ಮದುಮಗಳ ಜಂಪರಿನ ಕಲೆ ಹೋಯಿತು, ಆದರೆ ಕೆಲಸವನ್ನು ಪೂರ್ತಿ ಮಾಡಲು ನನ್ನಿಂದ ಆಗಲಿಲ್ಲ. ಹುಕ್ಕುಗಳನ್ನು ಪಕ್ಕದ ಮನೆಯಾಕೆ ಹಚ್ಚಿದಳು, ನಾನು ಎದುರಿಗೆ ಕುಳಿತು ಹೇಳಿಕೊಟ್ಟೆ. ಎರಡು ಹುಕ್ಕು ಸೊಟ್ಟ ಬಂದವು. ಮದುವೆಯಲ್ಲಿ ಯಾರೂ ಹುಕ್ಕು ನೋಡುವುದಿಲ್ಲ ಎಂದು ಎಲ್ಲರೂ ಹೇಳಿದರು. ನಾನು ಮದುವೆಯಲ್ಲಿ ಅವನ್ನೇ ನೋಡುತ್ತ ಕುಳಿತಿದ್ದೆ.

ಹಾಲು ಹಾಕುವಾಕೆ ಮತ್ತೆ ಬರತೊಡಗಿದಳು. ಮಾಳಿಗೆಯ ಹುಲ್ಲನ್ನು ಅವಳ ಎಮ್ಮೆಗೇ ಕೊಟ್ಟೆ. ಕೊನೆಗೂ ಅದು ತನ್ನ ಹಕ್ಕುದಾರರನ್ನು ಸೇರಿತು. ನಮ್ಮವರು ಹಸಿ ಊಟವನ್ನು ಪೂರಾ ಬಿಟ್ಟಿಲ್ಲ. ಬೆಳಿಗ್ಗೆ ಮೊಳಕೆ ಕಾಳು, ಗಜ್ಜರಿ. ಉಳಿದ ಹೊತ್ತು ಎಲ್ಲರೆದುರಿಗೆ ಮಜ್ಜಿಗೆ. ಮನೆಯಲ್ಲಿ ನನಗೆ ಕೇಳಿಸುವಂತೆ ಸುರ್ ಎಂದು ಕುಡಿಯುತ್ತಾರೆ.

ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ. ಅವರು ಮುಂಡರಗಿಗೆ ಹೋಗಿದ್ದರು, ಸಂಜೆಗೆ ಬರುತ್ತಾರೆಂದು ಲೆಕ್ಕ. ಹಸಿವಾಯಿತು. ಕೈ ತಾನಾಗಿ ಖಡಕ ರೊಟ್ಟಿಯ ಡಬ್ಬಿಗೆ ಹೋಯಿತು. ಅಲ್ಲಿಂದ ಅದನ್ನು ಹಿಂದಕ್ಕೆ ತರಬೇಕಾದರೆ ನನಗೆ ನಿಜವಾಗಿ ನಾಚಿಕೆಯಾಯಿತು, ಯಾರಾದರೂ ನೋಡಿಬಿಟ್ಟರೆ ಎನ್ನುವಂತೆ. ಬಾಗಿಲು ಮುಂದಕ್ಕೆ ಹಾಕಿ ಒಲೆ ಹಚ್ಚಿದೆ. ಹಿಟ್ಟಿಗೆ ಬಿಸಿನೀರು ಹಾಕಿ ನಾದಿದೆ, ಒಂದೇ ಒಂದು ಉಂಡೆಗೆ ಆಗುವಷ್ಟು. ಅಷ್ಟು ಕಡಿಮೆ ಹಿಟ್ಟನ್ನು ನನ್ನ ಕೈ ಹಿಂದೆಂದೂ ನಾದಿರಲಿಲ್ಲ. ತಟ್ಟತೊಡಗಿದೆ. ರೊಟ್ಟಿ ಬಡಿಯುವ ಸದ್ದು ಓಣಿಗೆಲ್ಲ ಕೇಳುತ್ತಿದೆ ಎನಿಸಿತು.

ಬಾಗಿಲು ಸರಿಯಿತು. ನಮ್ಮವರು, ಹೊತ್ತಿಗೆ ಮೊದಲೇ. ಅಡುಗೆಮನೆಗೆ ಇಣುಕಿ, ಮತ್ತೆ ಪಡಸಾಲೆಯ ಕಡೆ ಹೊರಳಿ ನೋಡಿ, ಮೆಲುದನಿಯಲ್ಲಿ ಕೇಳಿದರು. "ಯಾರ್ ಬಂದಾರ?"

"ಯಾರೂ ಬಂದಿಲ್ಲ."

"ಮತ್ತ ರೊಟ್ಟಿ?"

"ನನಗ."

ಅವರು ಹೊಸ್ತಿಲಲ್ಲಿಯೇ ನಿಂತರು. ಹಂಚಿನ ಮೇಲೆ ರೊಟ್ಟಿ ಉಬ್ಬಿತು. ಅಂಚಿನಲ್ಲಿ ಒಂದು ತೂತು ಬಿದ್ದು ಉಗಿ ಪುಸ್ ಎಂದು ಹೊರಬಂದು ನನ್ನ ನಡುಬೆರಳಿಗೆ ಬಡಿಯಿತು.

"ಅಯ್ಯಯ್ಯೋ!" ಎಂದು ಚೀರಿದೆ.

ಅವರು ಓಡಿ ಬಂದು ಬಿಂದಿಗೆಗೆ ಕೈ ಹಾಕಿದರು. "ಸುಡ್ತೇನ? ತೋರ್ಸಿಲ್ಲೆ, ನೀರಾಗ ಅದ್ದು!"

"ಸುಟ್ತರೀ!" ಎಂದೆ. "ಖರೇನ ಸುಟ್ತು! ಉರಿಯಾಕತ್ತೈತಿ ನೋಡ್ರಿ!"

ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ, ಅವರು ತಂಬಿಗೆ ಹಿಡಿದು ಬಾಯಿ ತೆರೆದು ನಿಂತದ್ದಂತೂ ಕಂಡಿತು. ಗಾಬರಿ ಬಿದ್ದು ನನ್ನ ಹಣೆ ಮುಟ್ಟಿ ನೋಡಿದರು. ನಾನು ಬೆರಳನ್ನು ನೀರಿಗೆ ಅದ್ದಲಿಲ್ಲ. ಅದು ಉರಿದಷ್ಟೂ ಉರಿಯಲಿ ಎಂದು ಹಿಡಿದುಕೊಂಡು ಕುಳಿತೆ, ಗಟ್ಟಿ ಮೊಸರು ಬಡಿಸಿಕೊಂಡೆ, ರೊಟ್ಟಿ ಮುರಿದೆ.

"ಇನ್ನೊಂದು ಬಡೀತಿಯೇನ?" ಎಂದರು ಅವರು, ತಾಟಿನ ಕಡೆ ನೋಡುತ್ತ.

"ಹಿಟ್ಟು ಇಷ್ಟ ನಾದೀನಿ," ಎಂದೆ. "ನೀವು ಲಕ್ಷ್ಮೇಶ್ವರಕ್ಕ ಹೋಗ್ರಿ."

ನಡುಬೆರಳು ಬಂದಿದೆ, ಹೆಬ್ಬೆರಳೂ ಬಂದಿದೆ. ಎಡಗೈಯ ಕಿರುಬೆರಳು ಮಾತ್ರ ಇನ್ನೂ ಮಂಕಾಗಿದ್ದು, ಚಿವುಟಿದರೆ ಬೇರೆ ಯಾರದ್ದೋ ಎಂಬಂತಿರುತ್ತದೆ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಅದನ್ನು ಚಿವುಟಿ ನೋಡುತ್ತೇನೆ. ಆಮೇಲೆ ಎದ್ದು ಹಾಲು ಕಾಯಿಸುತ್ತೇನೆ.